ಲೋಕವು ಇರುವದು ಯಾಕೆ?

ಏನೂ ಇಲ್ಲದಿರುವದರ ಬದಲಾಗಿ ಏನಾದರೂ ಇರುವದು ಯಾಕೆಂದು ಜರ್ಮನಿ ದೇಶದ ಲೈಬ್ನಿಟ್ಸ್ ಎಂಬ ಪಂಡಿತನು 1714ರಲ್ಲಿ ಕೇಳಿದನು. ಅಂಗಳದಲ್ಲಿ ಮಲಗಿ ನಕ್ಷತ್ರಗಳನ್ನು ನೋಡುವ ಕೂಸು ಸಹ ಇದನ್ನೇ ಕೇಳುತ್ತದೆ. ಪಟ್ಟಣದಲ್ಲಿ ಕಲಿತು ಬರುವ ನಮ್ಮ ಯೌವನಸ್ಥರಲ್ಲಿ ಕೆಲವರು ಈಗ ಒಂದು ಹೊಸ ಉತ್ತರವನ್ನು ತರುತ್ತಾರೆ. ಅದೇನಂದರೆ, ಲೆಕ್ಕವಿಲ್ಲದಷ್ಟು ವಿಶ್ವಗಳುಂಟು. ಅವುಗಳಲ್ಲಿ ಒಂದು ನಮ್ಮದು. ಆದದರಿಂದ ಸೃಷ್ಟಿಕರ್ತನು ಬೇಡ ಎಂಬದೇ. ಈ ಮಾತನ್ನು ನಗೆಮಾಡಿ ತಳ್ಳುವದೂ ಹೆದರಿ ನುಂಗುವದೂ ನಮಗೆ ತಕ್ಕದ್ದಲ್ಲ, ತೂಗಿ ನೋಡತಕ್ಕದ್ದು.

ಮೊದಲು ಅವರ ಪಕ್ಷವನ್ನು ನ್ಯಾಯವಾಗಿ ಕೇಳೋಣ. ನಮ್ಮ ವಿಶ್ವವು ಸುಮಾರು 1380 ಕೋಟಿ ವರುಷಗಳಿಂದ ಹಿಗ್ಗುತ್ತಾ ಇದೆ. ಬರಿದಾದ ಅವಕಾಶದಲ್ಲಿಯೂ ಒಂದು ಶಕ್ತಿ ಇರಬಹುದು. ಅದು ಬಹಳವಾಗಿದ್ದರೆ ನಕ್ಷತ್ರಗಳು ಕೂಡಿಬರುವದಕ್ಕೆ ಮುಂಚೆಯೇ ಎಲ್ಲವೂ ಚದರಿಹೋಗುತ್ತಿತ್ತು. ಹೀಗಿರಲಾಗಿ, ಜೀವಿಗಳಿರುವ ಕಡೆಯಲ್ಲಿ ಆ ಶಕ್ತಿಯು ಅಲ್ಪವಾಗಿಯೇ ಇರಬೇಕೆಂದು ಅಮೇರಿಕದ ಸ್ಟೀವನ್ ವೈನ್‌ಬರ್ಗನು 1987ರಲ್ಲಿ ತೋರಿಸಿದನು. 1998ರಲ್ಲಿ ದೂರದ ಸಿಡಿಯುವ ನಕ್ಷತ್ರಗಳನ್ನು ಪರೀಕ್ಷಿಸಿದವರು ಅಂಥ ಅಲ್ಪ ಶಕ್ತಿಯ ಗುರುತನ್ನು ಕಂಡರು. ಗಾಳಿಗೆ ಹಾರಿದ ಎಕ್ಕದ ಬೀಜಗಳು ಸಾವಿರ ಕಡೆ ಬಿದ್ದು, ತೇವವಿದ್ದಲ್ಲಿ ಒಂದು ಮೊಳೆತರೆ ಆಶ್ಚರ್ಯವೇನು? ಅನೇಕ ವಿಶ್ವಗಳ ವಾದವು ಇಂಥದು. ಅದನ್ನು ಹುಚ್ಚುಮಾತು ಎನ್ನಲಾಗದು.

ಆದರೂ ಎರಡು ಸಂಗತಿಗಳನ್ನು ಮರೆಯಬಾರದು. ಒಂದನೆಯದು, ಆ ಬೇರೆ ವಿಶ್ವಗಳನ್ನು ಯಾರೂ ಕಂಡಿಲ್ಲ. ಒಬ್ಬನು ಪಗಡೆಯಾಡುವವರ ಮನೆಗೆ ಬಂದು, ಒಂದು ಅಪೂರ್ವವಾದ ಗರ ಬಿದ್ದದ್ದನ್ನು ಕಂಡ ಮಾತ್ರಕ್ಕೆ ಇವರು ರಾತ್ರಿಯೆಲ್ಲಾ ಆಡಿರಬೇಕು ಎಂದರೆ ಅದು ಸರಿಯೋ? ಅದು ಆ ರಾತ್ರಿಯ ಮೊದಲನೆಯ ಗರವೇ ಆಗಿರಬಹುದು. ಆದರೆ ಆ ಗರ ಬಿದ್ದಾಗ ಮಾತ್ರ ಅವನನ್ನು ಒಳಗೆ ಕರೆಯುವ ಏರ್ಪಾಡಿದ್ದರೆ ಅವನ ಊಹೆಗೆ ಬಲವುಂಟು ಎಂದು ಬೇರೆ ಪಂಡಿತರು ಉತ್ತರಿಸುತ್ತಾರೆ. ಈ ವ್ಯಾಜ್ಯವು ಇನ್ನೂ ತೀರಲಿಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ಬೀಜಗಳು ಸಾವಿರವಾದರೂ ಗಿಡವೂ ಗಾಳಿಯೂ ಎಲ್ಲಿಂದ ಬಂದವು? ವಿಶ್ವಗಳನ್ನು ಹುಟ್ಟಿಸುವ ನಿಯಮವಾದರೂ ಯಾಕೆ ಇದೆ? ಒಬ್ಬ ಸಾಹುಕಾರನ ಸಾಲವನ್ನು ಇನ್ನೊಬ್ಬನಿಂದ ಸಾಲವೆತ್ತಿ ತೀರಿಸಿದವನು ಋಣಮುಕ್ತನಾಗಲಿಲ್ಲ. ಹಾಗೆಯೇ ನಮ್ಮ ವಿಶ್ವದ ಅಳತೆ ಹೀಗೆ ಯಾಕೆ ಎಂಬದಕ್ಕೆ ಈ ವಾದವು ಉತ್ತರವಾಗಬಹುದು. ಏನಾದರೂ ಇರುವದು ಯಾಕೆ ಎಂಬದಕ್ಕೆ ಅಲ್ಲ. ವಿಶ್ವವು ಸುಮ್ಮನೆ ಇದೆ, ಅಷ್ಟೇ ಎಂಬರ್ಥದಲ್ಲಿ ಬರ್ಟ್ರಂಡ್ ರಸೆಲನು 1948ರಲ್ಲಿ ರೇಡಿಯೋ ಚರ್ಚೆಯೊಂದರಲ್ಲಿ ಹೇಳಿದನು. ದೇವರು ತನ್ನಿಂದ ತಾನೇ ಇರುವಾತನು ಎಂದು ನಾವು ಹೇಳುತ್ತೇವೆ. ಇವೆರಡರಲ್ಲಿ ಯಾವದನ್ನೂ ದುರ್ಬೀನು ತೀರ್ಮಾನಿಸದು.

ಆದಕಾರಣ ಶಾಸ್ತ್ರಜ್ಞರಿಗೆ ಇನ್ನೂ ತಿಳಿಯದ ಸಂದಿಗಳಲ್ಲಿ ದೇವರನ್ನು ಅಡಗಿಸಿಡಬೇಡಿರಿ. ಸಂದಿಯು ಮುಚ್ಚಿದ ದಿನ ನಿಮ್ಮ ಮಕ್ಕಳು ಆತನೂ ಇಲ್ಲವೆಂದಾರು. ನಾಳೆ ಸಾವಿರ ವಿಶ್ವಗಳು ಸಿದ್ಧವಾದರೂ ಆ ಸಾವಿರವನ್ನೂ ಇರುವಂತೆ ಮಾಡಿದವನು ಯಾರೆಂಬ ಪ್ರಶ್ನೆಯು ನಿಂತೇ ಇರುವದು. ಯೌವನಸ್ಥನು ಇದನ್ನು ಕೇಳಿದರೆ ಗದರಿಸಬೇಡಿರಿ. ಪಕ್ಕದಲ್ಲಿ ಕೂರಿಸಿಕೊಂಡು ಅವನ ಸಂಗಡ ವಿಚಾರಿಸಿರಿ.