ಸುಣ್ಣವೂ ಕುಂಚವೂ

ಗಜೇಂದ್ರಗಡದ ಸಮೀಪದ ಗುಡ್ಡದ ಮಗ್ಗುಲಲ್ಲಿ, ಕಡಿದಾದ ಮೆಟ್ಟಿಲುಗಳ ಮೇಲಣ ಕಾಲಕಾಲೇಶ್ವರನ ಗುಡಿಯಲ್ಲಿ, ಯುಗಾದಿಯ ಹಿಂದಿನ ರಾತ್ರಿ ಹದಮಾಡಿದ ಸುಣ್ಣವನ್ನೂ ಕುಂಚವನ್ನೂ ಇರಿಸಿ ಬಂದರೆ, ಬೆಳಗಾಗುವುದರೊಳಗೆ ಮನುಷ್ಯಹಸ್ತದ ಸೋಂಕಿಲ್ಲದೆ ಗುಡಿಗೆ ಸುಣ್ಣ ಬಳಿದಿರುತ್ತದೆಂಬುದು ಆ ಸೀಮೆಯ ಜನರ ನಂಬಿಕೆ. ಅಲ್ಲಿಯ ಲಿಂಗವನ್ನೂ ಅವರು ಶಿಲ್ಪಿ ಕಡೆದದ್ದೆನ್ನರು, ಉದ್ಭವಲಿಂಗವೆನ್ನುವರು. ಈ ನಂಬಿಕೆಯನ್ನು ಒರೆಗೆ ಹಚ್ಚುವುದು ನನ್ನ ಉದ್ದೇಶವಲ್ಲ. ಕಾಣದ ಕೈಯ ಕೆಲಸಕ್ಕೆ ಕೈಮುಗಿಯುವ ಊರಿನಲ್ಲಿಯೇ, ಕೈಯಿಲ್ಲದೆ ಮೂಡಿದ ಇನ್ನೊಂದು ಚಿತ್ರವು ತಿರಸ್ಕೃತವಾದುದನ್ನು ಕಂಡಂದಿನಿಂದ ನನ್ನನ್ನು ಕಾಡುತ್ತಿರುವ ಜಿಜ್ಞಾಸೆಯನ್ನಷ್ಟೇ ಇಲ್ಲಿ ಬಿಚ್ಚಿಡುತ್ತೇನೆ.

ಪೇಟೆಯ ಒಂದು ಫ್ಲೆಕ್ಸ್ ಅಂಗಡಿ. ಜಾತ್ರೆಯ ಬ್ಯಾನರಿಗೆಂದು ಬಂದ ವೃದ್ಧರೊಬ್ಬರ ಮುಂದೆ ಅಂಗಡಿಯ ಹುಡುಗನು ಕೃತಕ ಬುದ್ಧಿಮತ್ತೆಗೆ ಎರಡು ಸಾಲು ಬರೆದುಕೊಟ್ಟನು. ಅವರು ಎಲೆಯಡಿಕೆ ಮಡಿಚುವಷ್ಟರಲ್ಲಿ ಪರದೆಯ ಮೇಲೆ ಶಿವನು ಮೂಡಿದನು: ಗರಡಿಯಾಳಿನ ಮೈಕಟ್ಟು, ನೀಲಿ ಕಾಂತಿ, ಬೆನ್ನ ಹಿಂದೆ ಹಿಮಾಲಯ, ಡಮರು ಹಿಡಿದ ಕೈಗೆ ಆರು ಬೆರಳು, ಕೆಳಗೆ ಬರೆದ ಹೆಸರಿನಲ್ಲಿ ‘ಶ್ವ’ದ ಒತ್ತು ಯಾವ ಲಿಪಿಗೂ ಸೇರದ ಗಂಟು.

“ಚಂದ ಐತಿ ಖರೆ ತಮ್ಮಾ, ಆದ್ರ ಇವ ನಮ್ಮ ದೇವ್ರಲ್ಲ.”

“ಬೆರಳು ಸರಿ ಮಾಡ್ತೀನ್ರಿ ಅಜ್ಜಾರ.”

“ಬೆರಳಿನ ಮಾತಲ್ಲೋ. ನಮ್ಮ ಗುಡ್ಡ ಎಲ್ಲೈತಿ ಇದರಾಗ?”

ಮಾತಿನಿಂದ ಮೂರ್ತಿ ಹುಟ್ಟುವುದು ನಮಗೆ ಹೊಸತಲ್ಲ. ಇಷ್ಟು ಕೈ, ಇಂಥ ಆಯುಧ, ಇಂಥ ವರ್ಣವೆಂದು ವಿಧಿಸುವ ಧ್ಯಾನಶ್ಲೋಕವೂ ಒಂದು ಶಬ್ದಚಿತ್ರವೇ. ಶಿಲ್ಪಿಯು ಅದನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡು ಅನಂತರ ಉಳಿ ಹಿಡಿಯತಕ್ಕದ್ದೆಂಬುದು ಸಂಪ್ರದಾಯ. ಹತ್ತಿರದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಜೋಡುಕಳಸದ ಗುಡಿಯನ್ನು ಕಟ್ಟಿದವರ ಕೈಯಲ್ಲಿಯೂ ಹೀಗೆಯೇ ಶಬ್ದವು ಮನಸ್ಸಿನ ಹಾದಿಯಾಗಿ ಕಲ್ಲಿಗೆ ಇಳಿದಿರಬೇಕು. ಯಂತ್ರದಲ್ಲಿ ಶಬ್ದಕ್ಕೂ ರೂಪಕ್ಕೂ ನಡುವೆ ಇರುವುದು ಅದಕ್ಕೆ ಉಣಿಸಿದ ಅಸಂಖ್ಯ ಚಿತ್ರಗಳ ಸಂಸ್ಕಾರ. ಆದುದರಿಂದ ಶಿವನೆಂದೊಡನೆ ಅದು ಎಲ್ಲ ಊರುಗಳ ಶಿವರನ್ನೂ ಅರೆದು ತೆಗೆದ ಸಾಮಾನ್ಯವೊಂದನ್ನು ಕೊಡುತ್ತದೆ. ಅಜ್ಜ ಕೇಳಿದ್ದಾದರೋ ವಿಶೇಷವನ್ನು.

ಕರ್ಮವು ಸಿದ್ಧಿಸುವುದಕ್ಕೆ ಗೀತೆಯ 18ನೆಯ ಅಧ್ಯಾಯವು ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವಗಳೆಂಬ ಐದು ಕಾರಣಗಳನ್ನು ಎಣಿಸುತ್ತದೆ. ಇವುಗಳಲ್ಲಿ ಕರ್ತೃ ಯಾರೆಂಬುದೇ ಇಲ್ಲಿಯ ತೊಡಕು. ಕೋರಲ್‌ಡ್ರಾ ತಂತ್ರಾಂಶದಲ್ಲಿ ರೇಖೆಯೆಳೆದು, ‘ನುಡಿ’ ತಂತ್ರಾಂಶದಲ್ಲಿ ಅಕ್ಷರ ಜೋಡಿಸುವವನನ್ನು ಇದೇಕೆ ಹೀಗೆಂದು ಕೇಳಿದರೆ, ತಲೆ ಕೆರೆದುಕೊಂಡಾದರೂ ಉತ್ತರ ಹೇಳಿಯಾನು. ಯಂತ್ರದಿಂದ ಬರೆಯಿಸಿದವನೋ, ಚೆನ್ನಾದರೆ ನಾನು ಮಾಡಿದೆನೆನ್ನುತ್ತಾನೆ, ಕೆಟ್ಟರೆ ಅದು ಮಾಡಿತೆನ್ನುತ್ತಾನೆ. ಫಲಕ್ಕೆ ಕರ್ತೃ, ದೋಷಕ್ಕೆ ಬರಿಯ ಸಾಕ್ಷಿ. (ನನ್ನ ಬರಹದ ತಪ್ಪುಗಳನ್ನು ಅಚ್ಚಿನವರ ತಲೆಗೆ ಕಟ್ಟಿದ್ದು ನನಗೂ ನೆನಪಿದೆ.) ಗುಡಿಯಲ್ಲಿ ಸುಣ್ಣವಿಟ್ಟು ಬರುವವನ ನಿಲುವು ಇದಕ್ಕೆ ತಿರುಗುಮುರುಗು: ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿದ ದಣಿವು ಅವನದು, ಬಿರಿದ ಬೆರಳು ಅವನದು, ಬಳಿದ ಕೀರ್ತಿಯೊಂದೇ ಅವನಿಗೆ ಬೇಡದ್ದು. ಅವನು ಬಿಟ್ಟುಕೊಟ್ಟದ್ದು ಅಹಂಕಾರವನ್ನೇ ಹೊರತು ಚೇಷ್ಟೆಯನ್ನಲ್ಲ.

ಇದರಿಂದ ಕೋರಲ್‌ಡ್ರಾ ಪವಿತ್ರವಾಯಿತೆಂದು ನಾನು ಹೇಳಲಾರೆ. ಸಿದ್ಧ ಕಳಸ, ಸಿದ್ಧ ನವಿಲುಗಳನ್ನು ಊರೂರಿನ ಲಗ್ನಪತ್ರಿಕೆಗೆ ಅಂಟಿಸಿ ಕೈತೊಳೆದುಕೊಂಡವರು ಈ ಉಪಕರಣಗಳ ಮುಂದೆಯೇ ಕುಳಿತಿದ್ದರಷ್ಟೆ.

ಮರುದಿನ ಹುಡುಗನು ಮೊಬೈಲು ಹಿಡಿದು ಗುಡ್ಡಕ್ಕೆ ಹೋಗಿ, ಮೆಟ್ಟಿಲೂ ಬಂಡೆಯೂ ಗುಡಿಯೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಚಿತ್ರ ತೆಗೆದು ತಂದನು. ‘ಶ್ವ’ದ ಒತ್ತನ್ನು ಅಜ್ಜ ಕನ್ನಡಕ ಏರಿಸಿ ಎರಡು ಸಲ ನೋಡಿದರು. ಆ ದಿನ ಆಕಾಶ ಬಿಸಿಲಿಗೆ ಬೆಳ್ಳಗೆ ಬೆಂದುಹೋಗಿದ್ದುದರಿಂದ ಮೇಲಿನ ಮೋಡಗಳನ್ನು ಮಾತ್ರ ಹುಡುಗನು ಯಂತ್ರದಿಂದಲೇ ಬರೆಯಿಸಿದನು. ಅದಕ್ಕೆ ಅಜ್ಜ ಏನೂ ಅನ್ನಲಿಲ್ಲ.