ಕೀಟಗುರುವಿನ ಸನ್ನಿಧಿಯಲ್ಲಿ

ಶ್ರೀಮದ್ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ತನ್ನ 24 ಮಂದಿ ಗುರುಗಳನ್ನು ಹೆಸರಿಸುತ್ತಾನೆ. ಅವರಲ್ಲಿ ಜೇನುಹುಳುವಿದೆ, ದೀಪಕ್ಕೆರಗುವ ಪತಂಗವಿದೆ, ಗೂಡು ಕಟ್ಟುವ ಕಣಜವಿದೆ. ಗುರುವೆಂದು ಒಪ್ಪಿಕೊಂಡ ಮೇಲೆ ಅದನ್ನು ನೋಡುವ ಬಗೆ ಯಾವುದು? ಕ್ಯಾಮೆರಾ ಹಿಡಿದು ಹುಳುಗಳನ್ನು ಅರಸುವವರು ಹೆಚ್ಚಿರುವ ಈ ಕಾಲದಲ್ಲಿ ಇದು ವಿಚಾರಾರ್ಹವಾದ ಪ್ರಶ್ನೆ.

ಮಳೆಗಾಲ ಮುಗಿದು ನವರಾತ್ರಿ ಬರುವ ಹೊತ್ತಿಗೆ ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವೂ ಗೋರೆಗಾಂವ್‌ನ ಆರೆಯೂ ಹಸುರು ತುಂಬಿ ನಿಂತಿರುತ್ತವೆ. ಎಲೆಯೆಲೆಯಲ್ಲಿಯೂ ಒಂದು ಜೀವ. 1883ರಲ್ಲಿ ಈ ಮಹಾನಗರದಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹದಲ್ಲಿ ಸೂಜಿ ಚುಚ್ಚಿ ಇರಿಸಿದ ಕೀಟಗಳಿವೆ. ಅಂದಿನ ಅಭ್ಯಾಸಿಗೆ ಬಲೆಯೇ ಸಾಧನ. (ಅವರನ್ನು ಹಳಿಯುವುದು ಸಲ್ಲದು, ಚಿತ್ರಮಾತ್ರದಿಂದ ಗುರುತು ಹಿಡಿಯಲಾಗದ ಕೀಟಗಳು ಇಂದಿಗೂ ಅನೇಕ.) ಈಗ ಕ್ಯಾಮೆರಾ ಬಂದು ಹಿಂಸೆ ತಪ್ಪಿತೆಂದು ನಾವು ಸಮಾಧಾನಪಡುತ್ತೇವೆ. ಆದರೆ ಹುಳು ಅಲುಗದಿರಲೆಂದು ಅದನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ, ಬಳಿಕ ಹೂವಿನ ಮೇಲೆ ಕೂರಿಸಿ ಚಿತ್ರ ತೆಗೆಯುವವರೂ ಉಂಟು. ಅಂಥ ಚಿತ್ರ ಜೀವಿಯನ್ನು ನೋಯಿಸುವುದಲ್ಲದೆ ನೋಡುವವನಿಗೆ ಸುಳ್ಳನ್ನೂ ಹೇಳುತ್ತದೆ.

ಇದಕ್ಕಿಂತ ಕಠಿಣವಾದದ್ದು ಅವಧೂತನ ಆ ಕಣಜದ ಪ್ರಸಂಗ. ಗೂಡಿನಲ್ಲಿ ಸೆರೆಯಾದ ಹುಳು ಭಯದಿಂದ ಕಣಜವನ್ನೇ ಧ್ಯಾನಿಸುತ್ತ ಕಣಜವೇ ಆಗುತ್ತದೆಂಬುದು ಕೀಟಭ್ರಮರ ನ್ಯಾಯ. ಭಕ್ತನು ಭಗವಂತನಲ್ಲಿ ಒಂದಾಗುವುದಕ್ಕೆ ಇದಕ್ಕಿಂತ ಸೊಗಸಾದ ಹೋಲಿಕೆ ದುರ್ಲಭ. ಪುಟ್ಟ ಕುಡಿಕೆಯಂತೆ ಮಣ್ಣಿನ ಗೂಡು ಕಟ್ಟುವ ಕಣಜವನ್ನು ತಾಳ್ಮೆಯಿಂದ ನೋಡಿದವರಿಗೆ ಕಾಣುವುದು ಬೇರೆ. ಕುಡಿಕೆಯೊಳಗೆ ನವಿರಾದ ಎಳೆಯೊಂದರಲ್ಲಿ ತಾಯಿ ತನ್ನ ಮೊಟ್ಟೆಯನ್ನು ತೂಗಬಿಡುತ್ತದೆ. ಕಂಬಳಿಹುಳುಗಳನ್ನು ಕುಟುಕಿ, ಕೊಲ್ಲದೆ ನಿಶ್ಚೇಷ್ಟಗೊಳಿಸಿ, ತಂದು ತುಂಬಿ ಬಾಯಿ ಮುಚ್ಚುತ್ತದೆ. ಮರಿ ಅವನ್ನು ತಿಂದು ಬೆಳೆದು ಗೋಡೆ ಕೊರೆದು ಹೊರಬರುತ್ತದೆ. ಒಳಗೆ ಹೋದದ್ದು ಹುಳು, ಹೊರಗೆ ಬಂದದ್ದು ಕಣಜ: ಹಿರಿಯರು ಕಂಡದ್ದೇನೋ ನಿಜ, ನಡುವೆ ನಡೆದದ್ದು ಮಾತ್ರ ಮಣ್ಣಿನ ಮರೆಯಲ್ಲಿತ್ತು.

ಇದರಿಂದ ಶಾಸ್ತ್ರಕ್ಕೆ ಹಾನಿಯೆಂದು ನನಗೆ ತೋರದು. ದೃಷ್ಟಾಂತದ ಗುರಿ ಮನಸ್ಸು. ಯಾವುದನ್ನು ಬಿಡದೆ ನೆನೆವೆವೋ ಅದರ ಆಕಾರವನ್ನು ಮನಸ್ಸು ತಳೆಯುವುದು ಕಣಜದ ಸಾಕ್ಷ್ಯವಿಲ್ಲದೆಯೂ ನಿಲ್ಲುತ್ತದೆ. ಆದರೆ ನ್ಯಾಯವನ್ನು ಉಳಿಸಲೆಂದು ಕಂಡದ್ದನ್ನು ಕಾಣದಂತಿರುವುದು ಭಕ್ತಿಯಲ್ಲ. ಸೃಷ್ಟಿಯನ್ನು ಭಗವಂತನದೆಂದು ನಂಬುವವನು ಹೂವಿನ ಮೇಲಿನ ಚಿಟ್ಟೆಗೆ ಕೈಮುಗಿದು ಆ ಕುಡಿಕೆಯ ಮುಂದೆ ಕಣ್ಣು ಮುಚ್ಚಿಕೊಳ್ಳಲಾರ.

ಹಾಗಾದರೆ ಚಿತ್ರ ತೆಗೆಯುವವನು ಕೈಯಿಕ್ಕಿ ಆ ಹುಳುವನ್ನು ಬಿಡಿಸಬೇಕೆ? ಕರುಣೆಯುಳ್ಳವರು ಹೀಗೆ ಕೇಳದಿರರು. ಕುಟುಕಿಸಿಕೊಂಡ ಹುಳು ಬಿಡಿಸಿದರೂ ನಡೆಯದು, ಮೇಯದು. ಒಡೆದ ಕುಡಿಕೆಯಲ್ಲಿ ಮರಿಯೂ ಉಳಿಯದು. ಗೂಡಿನ ಮುಂದೆ ಮೊಣಕಾಲೂರಿದವನು ಉಸಿರು ಬಿಗಿಹಿಡಿದು ಒಂದು ಚಿತ್ರ ತೆಗೆಯುತ್ತಾನೆ. ಕಣಜವೋ, ಅವನಿರುವುದನ್ನೂ ಎಣಿಸದೆ, ಮತ್ತೊಂದು ಮಣ್ಣಿನುಂಡೆ ತರಲು ಹಾರಿಹೋಗುತ್ತದೆ.