ಹೆಚ್ಚಾದುದನ್ನು ಒಲ್ಲದ ಕಾಯಕ

ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯ ಶರಣರ ಕಾಯಕವಾಗಿದ್ದಿತು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಮನೆಗೆ ಬಂದುದನ್ನು ಕಂಡು ಸತಿ ಲಕ್ಕಮ್ಮ ಹಿಗ್ಗಲಿಲ್ಲ. ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ಅಕ್ಕಿಯ ಮಾತೆಂದಷ್ಟೇ ತಿಳಿಯುವವರು ಬಹಳ. ವಿದ್ಯುಚ್ಛಕ್ತಿಗೂ ಇದು ಸಲ್ಲುತ್ತದೆಂಬುದಕ್ಕೆ ಪ್ರಾಧ್ಯಾಪಕ ಬಂಟವಾಳ ಜಯಂತ ಬಾಳಿಗರ ಜೀವಮಾನದ ದುಡಿಮೆಯೇ ಸಾಕ್ಷಿ.

ಬಾಳಿಗರು 1948ರಲ್ಲಿ ಜನಿಸಿ, ಬೆಂಗಳೂರಿನ ಬಳಿಯ ಜಾಲಹಳ್ಳಿಯಲ್ಲಿ ಬೆಳೆದರು. ಅವರ ತಂದೆಯವರೂ ವಿದ್ಯುತ್ ಇಂಜಿನಿಯರರೇ. ಮಗನು ಮದರಾಸಿನ ಐ.ಐ.ಟಿ.ಯಲ್ಲಿ 1969ರಲ್ಲಿ ಪದವಿ ಪಡೆದು, ಅಮೆರಿಕದಲ್ಲಿ ಓದು ಮುಂದುವರಿಸಿ, 1974ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಪ್ರಯೋಗಾಲಯವನ್ನು ಸೇರಿದರು.

ಆ ಕಾಲದಲ್ಲಿ ಮೋಟಾರುಗಳು ಬಹುಮಟ್ಟಿಗೆ ಒಂದೇ ವೇಗದಲ್ಲಿ ತಿರುಗುತ್ತಿದ್ದುವು. ಗಾಳಿಯೋ ನೀರೋ ಕಡಮೆ ಸಾಕೆಂದರೆ ದಾರಿಯನ್ನು ಮುಚ್ಚಿ ತಡೆಯಬೇಕಾಗಿದ್ದಿತು. ಎತ್ತನ್ನು ಹೊಡೆಯುತ್ತಲೇ ಮೂಗುದಾರ ಜಗ್ಗಿದಂತೆ. ವಾಸ್ತವವಾಗಿ, ಗಾಳಿ ಬೀಸುವ ಯಂತ್ರದ ವೇಗವನ್ನೇ ಅರ್ಧಕ್ಕಿಳಿಸಿದರೆ ಅದಕ್ಕೆ ಬೇಕಾಗುವ ಶಕ್ತಿ ಸುಮಾರು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೀಗೆ ವೇಗವನ್ನು ಆಳಬೇಕಾದರೆ ವಿದ್ಯುತ್ತನ್ನು ಕ್ಷಣಕ್ಷಣವೂ ಬಿಟ್ಟು ಹಿಡಿಯುವ ಸ್ವಿಚ್ಚು ಬೇಕು. ಒಂದು ಬಗೆಯ ಟ್ರಾನ್ಸಿಸ್ಟರ್ ಸಣ್ಣ ಸನ್ನೆಗೇ ಓಗೊಡುತ್ತಿತ್ತು, ಆದರೆ ಹೆಚ್ಚಿನ ವೋಲ್ಟೇಜಿನಲ್ಲಿ ಭಾರ ಹೊರಲಾರದು. ಇನ್ನೊಂದು ಭಾರ ಹೊರುತ್ತಿತ್ತು, ಆದರೆ ಅದನ್ನು ನಡೆಸುವುದಕ್ಕೇ ಬಹಳ ವಿದ್ಯುತ್ತು ವ್ಯಯವಾಗುತ್ತಿತ್ತು. ಎರಡರ ಗುಣವನ್ನೂ ಒಂದೇ ಸಿಲಿಕಾನ್ ತುಣುಕಿನಲ್ಲಿ ಕೂಡಿಸಿದುದೇ ಐ.ಜಿ.ಬಿ.ಟಿ. ಎಂಬ ಸಾಧನ. 1980ರ ದಶಕದ ಮೊದಲ ವರ್ಷಗಳಲ್ಲಿ ಬಾಳಿಗರು ಅದನ್ನು ರೂಪಿಸಿದರು. ಇದೇ ದಾರಿಯಲ್ಲಿ ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಬೇರೆಯವರು ದುಡಿದಿದ್ದರೆಂಬುದನ್ನು ಹೇಳದೆ ಬಿಡುವುದು ನ್ಯಾಯವಲ್ಲ.

ಅಲ್ಲಿ ಕಷ್ಟವಾದುದು ಹರಿಯಿಸುವುದಲ್ಲ, ನಿಲ್ಲಿಸುವುದು. ಪ್ರವಾಹ ಒಂದು ಮಿತಿಯನ್ನು ಮೀರಿದರೆ ಸಾಧನವು ಒಡೆಯನ ಸನ್ನೆಯನ್ನು ಕೇಳದೆ ತಾನೇ ತಾನಾಗಿ ಹರಿಯುತ್ತ ಕಡೆಗೆ ಸುಟ್ಟುಹೋಗುವ ಭಯವಿದ್ದಿತು. ಇಂದ್ರಿಯಗಳ ಸ್ವಭಾವವನ್ನು ಬಲ್ಲ ಸಾಧಕರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆ ದೋಷವನ್ನು ಅಡಗಿಸಿದ ಮೇಲೆಯೇ ಸಾಧನವು ಲೋಕೋಪಯೋಗಿಯಾಯಿತು. ಇಂದು ವಿದ್ಯುತ್ ರೈಲು, ವಿದ್ಯುತ್ ಕಾರು, ಸೌರಶಕ್ತಿಯ ಇನ್ವರ್ಟರುಗಳಲ್ಲಿ ಅದೇ ದುಡಿಯುತ್ತಿದೆ.

1988ರಲ್ಲಿ ಬಾಳಿಗರು ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾನಿಲಯಕ್ಕೆ ಬಂದು ಅಧ್ಯಾಪನವನ್ನು ಕೈಗೊಂಡರು. ತಾನು ಅರಿತುದನ್ನು ಕಿರಿಯರಿಗೆ ನೀಡುವುದೂ ದಾಸೋಹವೇ. 2014ರಲ್ಲಿ ಐ.ಇ.ಇ.ಇ. ಸಂಸ್ಥೆಯ ಪರಮೋಚ್ಚ ಪದಕವೂ, 2024ರಲ್ಲಿ ಫಿನ್‌ಲೆಂಡಿನ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿಯೂ ಅವರನ್ನು ಅರಸಿ ಬಂದುವು.

ಕೋಲಾರದ ಸೀಮೆಗೆ ಈ ವಿದ್ಯೆ ಹೊರಗಿನದಲ್ಲ. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು 92 ಮೈಲಿ ದಾಟಿ ಚಿನ್ನದ ಗಣಿಗೆ ಬಂದಿತು. 2003ರಿಂದ ಒಡಿಶಾದ ತಾಲ್ಚೇರಿನ ವಿದ್ಯುತ್ತು ನೇರಪ್ರವಾಹವಾಗಿ ಸುಮಾರು 1,400 ಕಿಲೋಮೀಟರ್ ಹರಿದು, ಕೋಲಾರದ ಕೇಂದ್ರದಲ್ಲಿ ಪರ್ಯಾಯಪ್ರವಾಹವಾಗಿ ಮಾರ್ಪಡುತ್ತದೆ. ಅಲ್ಲಿರುವುದು ಐ.ಜಿ.ಬಿ.ಟಿ.ಯಲ್ಲ, ಅದರ ಹಿರಿಯ ಬಂಧುವಾದ ಥೈರಿಸ್ಟರ್.

ಆದರೆ ಇದೇ ನೆಲದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಗಳಲ್ಲಿ ಸಾವಿರ ಅಡಿಯನ್ನು ಮೀರಿ ಇಳಿದ ಕೊಳವೆಬಾವಿಗಳುಂಟು. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪಿಗೆ ವಿದ್ಯುತ್ತಿನ ಬಿಲ್ಲಿಲ್ಲದುದರಿಂದ ವ್ಯರ್ಥವಾದುದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಎಷ್ಟು ಸೂಕ್ಷ್ಮವಾದ ಸ್ವಿಚ್ಚೇ ಆಗಲಿ, ಮೋಟಾರಿಗೆ ಎಷ್ಟು ಬೇಕೆಂಬುದನ್ನು ಪಾಲಿಸೀತು. ಮನೆಗೆ ಎಷ್ಟು ಸಾಕೆಂಬುದನ್ನು ಅದು ಅರಿಯದು. ಆ ಅಳತೆ ಲಕ್ಕಮ್ಮನದು. ನಡುರಾತ್ರಿ ಕರೆಂಟು ಬಂದೊಡನೆ ತಾನಾಗಿ ಓಡಲೆಂದು ಆಟೋ ಸ್ಟಾರ್ಟರನ್ನು ಹಾಕಿಟ್ಟು ಗೃಹಸ್ಥನು ಮಲಗುತ್ತಾನೆ. ನಿನ್ನೆಯೇ ತೊಯ್ದ ಮಡಿಯ ಮೇಲೆ ನೀರು ಮತ್ತೆ ಹರಿದು, ಬದುವನ್ನು ದಾಟಿ, ಬೆಳಗಿನ ಜಾವಕ್ಕೆ ರಸ್ತೆಯನ್ನು ಸೇರಿರುತ್ತದೆ.